ಟ್ಯಾಂಗೋ, ಕ್ಯಾಶ್ ಮತ್ತು ಅಭಿಮಾನಿಗಳ ಗೇಲಿ

1980ರ ದಶಕದ ಹಾಲಿವುಡ್ ಜೋಡಿ ಪೊಲೀಸ್ ಚಿತ್ರಗಳನ್ನು ಗೇಲಿ ಮಾಡುತ್ತಲೇ ಮತ್ತೆ ಮತ್ತೆ ನೋಡುವುದು ಅಮೆರಿಕದ ಸಿನಿಮಾ ಅಭಿಮಾನಿಗಳಲ್ಲಿ ಬೇರೂರಿದ ರೂಢಿ. ಈ ಚಿತ್ರಗಳ ಕಥೆ ಎಲ್ಲರಿಗೂ ಬಾಯಿಪಾಠ. ಇಬ್ಬರು ಪೊಲೀಸರಲ್ಲಿ ಒಬ್ಬ ಶಿಸ್ತಿನವನು, ಇನ್ನೊಬ್ಬ ಒರಟ. ಮೊದಮೊದಲು ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಮೇಲಧಿಕಾರಿ ಮೇಜು ಗುದ್ದಿ ಕಿರುಚುತ್ತಾನೆ, ಬ್ಯಾಡ್ಜ್ ಕಿತ್ತುಕೊಳ್ಳುತ್ತಾನೆ. ಮಾದಕವಸ್ತು ಮಾರುವ ಸಿರಿವಂತ ಖಳನೊಬ್ಬ ಇದ್ದೇ ಇರುತ್ತಾನೆ. ಸಾವಿರ ಗುಂಡು ಹಾರಿದರೂ ನಾಯಕರಿಗೆ ತಗಲುವುದು ಒಂದೋ ಎರಡೋ, ಅದೂ ಭುಜಕ್ಕೆ. ಈ ರೂಢಿಗೆ ಹೇಳಿ ಮಾಡಿಸಿದಂತಿರುವ ಚಿತ್ರವೆಂದರೆ 1989ರ ಡಿಸೆಂಬರ್ 22ರಂದು ತೆರೆಕಂಡ 'ಟ್ಯಾಂಗೋ ಅಂಡ್ ಕ್ಯಾಶ್'. ದಶಕ ಮುಗಿಯಲು ಒಂಬತ್ತು ದಿನ ಉಳಿದಿದ್ದಾಗ ಬಂದ ಈ ಚಿತ್ರದಲ್ಲಿ ಆ ದಶಕದ ಚಾಳಿಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಜೋಡಿ ಪೊಲೀಸರ ಕಥೆ ಅದಕ್ಕೂ ಹಳೆಯದು. ಜಪಾನಿನಲ್ಲಿ ಅಕಿರಾ ಕುರೊಸಾವಾ 1949ರಲ್ಲೇ 'ಸ್ಟ್ರೇ ಡಾಗ್' ಚಿತ್ರದಲ್ಲಿ ಹೊಸಬ ಪತ್ತೇದಾರನಿಗೂ ಪಳಗಿದ ಹಿರಿಯನಿಗೂ ಜೋಡಿ ಕಟ್ಟಿದ್ದರು. ಅಮೆರಿಕದಲ್ಲಿ 1974ರ 'ಫ್ರೀಬಿ ಅಂಡ್ ದ ಬೀನ್' ಇದಕ್ಕೆ ಹಾಸ್ಯವನ್ನೂ ಕಾರುಗಳ ಧ್ವಂಸವನ್ನೂ ಬೆರೆಸಿತು. ಆದರೆ ಇದನ್ನು ಗಟ್ಟಿ ವ್ಯಾಪಾರ ಮಾಡಿದ್ದು 1982ರ ಕೊನೆಗೆ ಬಂದ ವಾಲ್ಟರ್ ಹಿಲ್ ನಿರ್ದೇಶನದ '48 ಅವರ್ಸ್'. ಅದರಲ್ಲಿ ನಿಕ್ ನೋಲ್ಟಿ ಪೊಲೀಸ್, ಎಡ್ಡಿ ಮರ್ಫಿ ಜೈಲಿನಿಂದ ಎರಡು ದಿನದ ಮಟ್ಟಿಗೆ ಹೊರಗೆ ಬಂದ ಕೈದಿ. 1987ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ 'ಲೀಥಲ್ ವೆಪನ್' ಗೆದ್ದ ಮೇಲೆ ಸ್ಟುಡಿಯೋಗಳು ಯಾರನ್ನಾದರೂ ಯಾರಿಗಾದರೂ ಗಂಟುಹಾಕಲು ಹೊರಟವು. 1988ರ 'ರೆಡ್ ಹೀಟ್'ನಲ್ಲಿ ಷಿಕಾಗೋ ಪೊಲೀಸನಿಗೆ ಸೋವಿಯತ್ ಪೊಲೀಸ್ ಜೊತೆಯಾದ. ಅದೇ ವರ್ಷದ 'ಏಲಿಯನ್ ನೇಷನ್'ನಲ್ಲಿ ಅನ್ಯಗ್ರಹದವನು. 1989ರ 'ಕೆ-9' ಮತ್ತು 'ಟರ್ನರ್ ಅಂಡ್ ಹೂಚ್' ಚಿತ್ರಗಳಲ್ಲಿ ನಾಯಿಯೇ ಜೊತೆಗಾರ. ಇಷ್ಟು ಹೊತ್ತಿಗೆ ಈ ಪ್ರಕಾರ ತನ್ನನ್ನು ತಾನೇ ಅಣಕಿಸಿಕೊಳ್ಳುವ ಸ್ಥಿತಿ ತಲುಪಿತ್ತು. ಗೇಲಿ ಮಾಡುವವರು ಹೊಸದಾಗಿ ಸೇರಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ.

'ಟ್ಯಾಂಗೋ ಅಂಡ್ ಕ್ಯಾಶ್' ತಯಾರಾದ ಬಗೆಯೇ ಒಂದು ಪ್ರಹಸನ. ವಾರ್ನರ್ ಬ್ರದರ್ಸ್‌ಗಾಗಿ ಅದನ್ನು ನಿರ್ಮಿಸಿದವರು ಜಾನ್ ಪೀಟರ್ಸ್ ಮತ್ತು ಪೀಟರ್ ಗೂಬರ್. ಅದೇ ವರ್ಷದ 'ಬ್ಯಾಟ್‌ಮ್ಯಾನ್' ಇವರದೇ ಚಿತ್ರ. ನಿರ್ದೇಶನಕ್ಕೆ ಕರೆದದ್ದು ಆಂದ್ರೇ ಕೊಂಚಲೋವ್‌ಸ್ಕಿಯನ್ನು. ಇವರು ಆಂದ್ರೇ ತಾರ್ಕೋವ್‌ಸ್ಕಿಯೊಂದಿಗೆ 'ಆಂದ್ರೇ ರುಬ್ಲೆವ್' ಚಿತ್ರಕಥೆ ಬರೆದವರು. ಇವರ 'ಸೈಬೀರಿಯಾಡ್' 1979ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದಿತ್ತು. ತಂದೆ ಸೆರ್ಗೇಯ್ ಮಿಖಾಲ್ಕೋವ್ ಸೋವಿಯತ್ ರಾಷ್ಟ್ರಗೀತೆಯ ಸಾಹಿತ್ಯ ಬರೆದವರಲ್ಲಿ ಒಬ್ಬರು. ಇಂಥ ಮನೆತನದ ಮನುಷ್ಯನ ಕೈಗೆ ಸಿಲ್ವೆಸ್ಟರ್ ಸ್ಟಲೋನ್, ಮೆಷಿನ್‌ಗನ್ನು ಮತ್ತು ದೈತ್ಯ ಲಾರಿಗಳನ್ನು ಒಪ್ಪಿಸಬೇಕೆಂದು ಯಾರಿಗೆ ತೋಚಿತೋ, ಅವರಿಗೆ ಅಭಿಮಾನಿಗಳು ಋಣಿಗಳಾಗಿರಬೇಕು.

ಎರಡನೇ ನಾಯಕ ಕ್ಯಾಶ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಪ್ಯಾಟ್ರಿಕ್ ಸ್ವೇಜಿ 'ರೋಡ್ ಹೌಸ್' ಒಪ್ಪಿಕೊಂಡು ಹೊರಟರು. ಆ ಜಾಗಕ್ಕೆ ಕರ್ಟ್ ರಸಲ್ ಬಂದರು. ಛಾಯಾಗ್ರಾಹಕ ಬ್ಯಾರಿ ಸಾನನ್‌ಫೆಲ್ಡ್ ಅವರನ್ನು ತೆಗೆದುಹಾಕಿ ಡೊನಾಲ್ಡ್ ಥೋರಿನ್ ಅವರನ್ನು ತರಲಾಯಿತು. ಕೊಂಚಲೋವ್‌ಸ್ಕಿ ಚಿತ್ರ ಸ್ವಲ್ಪ ಗಂಭೀರವಾಗಿರಲಿ ಎಂದರೆ ಪೀಟರ್ಸ್ ಇನ್ನಷ್ಟು ಚೇಷ್ಟೆ ಬೇಕೆನ್ನುತ್ತಿದ್ದರು. ಈ ಜಗ್ಗಾಟ ಮುಗಿದದ್ದು ನಿರ್ದೇಶಕರ ವಜಾದಲ್ಲಿ. ಉಳಿದ ಭಾಗಗಳನ್ನು, ಮುಖ್ಯವಾಗಿ ಕೊನೆಯ ಕಾಳಗವನ್ನು, 'ಪರ್ಪಲ್ ರೇನ್' ಖ್ಯಾತಿಯ ಆಲ್ಬರ್ಟ್ ಮ್ಯಾಗ್ನೋಲಿ ಪೂರೈಸಿದರು. ಸಂಕಲನ ಸರಿಹೋಗದೆ 'ಲೀಥಲ್ ವೆಪನ್' ಸಂಕಲನಕಾರ ಸ್ಟುವರ್ಟ್ ಬೇರ್ಡ್ ಅವರನ್ನು ಕರೆಸಿ ಮತ್ತೆ ಕತ್ತರಿಸಬೇಕಾಯಿತು. ವೆಚ್ಚ ಐದೂವರೆ ಕೋಟಿ ಡಾಲರ್ ಹತ್ತಿರ ಹೋಯಿತು. ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಕೆ ಸುಮಾರು 6.3 ಕೋಟಿ. ಮುಳುಗಲಿಲ್ಲ, ತೇಲಲೂ ಇಲ್ಲ.

ಈ ಗೊಂದಲ ತೆರೆಯ ಮೇಲೆ ಹಾಗೆಯೇ ಉಳಿದಿದೆ. ಗೇಲಿಗೆ ದಾರಿಯಾದದ್ದೇ ಅದು. ಎಲ್ಲಿ ನಗಿಸಲೆಂದೇ ಮಾಡಿದ್ದಾರೆ, ಎಲ್ಲಿ ಕೈತಪ್ಪಿ ನಗು ಬರುತ್ತಿದೆ ಎಂದು ಬಿಡಿಸಿ ಹೇಳುವುದು ಕಷ್ಟ. ಆರಂಭದ ದೃಶ್ಯವನ್ನೇ ನೋಡಬಹುದು. ಸ್ಟಲೋನ್ ಮಾಡಿರುವ ರೇ ಟ್ಯಾಂಗೋ ಒಂಟಿಯಾಗಿ ರಸ್ತೆಯ ನಡುವೆ ನಿಂತು, ಮೈಮೇಲೆ ಬರುತ್ತಿರುವ ಟ್ಯಾಂಕರ್ ಲಾರಿಗೆ ರಿವಾಲ್ವರಿನಿಂದ ಗುಂಡು ಹೊಡೆಯುತ್ತಾನೆ. ಚಾಲಕ ಬ್ರೇಕ್ ಒತ್ತಿದ ರಭಸಕ್ಕೆ ಒಳಗಿದ್ದ ಇಬ್ಬರೂ ಮುಂದಿನ ಗಾಜು ಒಡೆದುಕೊಂಡು ಹಾರಿ ಬಂದು ಅವನ ಕಾಲ ಬುಡದಲ್ಲಿ ಬೀಳುತ್ತಾರೆ. ಇದು ಜಾಕಿ ಚಾನ್ 1985ರ 'ಪೊಲೀಸ್ ಸ್ಟೋರಿ'ಯಲ್ಲಿ ಬಸ್ಸು ನಿಲ್ಲಿಸಿದ ದೃಶ್ಯದ ನೇರ ನಕಲು. ಅಷ್ಟರಲ್ಲಿ ಇನ್ನೊಬ್ಬ ಪೊಲೀಸ್ ಟ್ಯಾಂಗೋನನ್ನು ರ‍್ಯಾಂಬೋಗೆ ಹೋಲಿಸಿ ಚುಚ್ಚುತ್ತಾನೆ. ಸ್ಟಲೋನ್ ತಾನೇ ಮೆರೆಸಿದ ಪಾತ್ರವನ್ನು ತಾನೇ ಹಳಿದು ಉತ್ತರ ಕೊಡುತ್ತಾರೆ. ಚಿತ್ರಕ್ಕೆ ತನ್ನ ಮೇಲೆ ತಾನೇ ನಗುವ ಬುದ್ಧಿ ಇದೆ ಎಂದು ಪ್ರೇಕ್ಷಕ ಒಪ್ಪಿಕೊಳ್ಳುವ ಹೊತ್ತಿಗೆ ಖಳನಾಯಕ ಬರುತ್ತಾನೆ. ಅವನನ್ನು ನೋಡಿದರೆ ಆ ನಂಬಿಕೆ ಅಲುಗಾಡುತ್ತದೆ.

ಜ್ಯಾಕ್ ಪ್ಯಾಲನ್ಸ್ ನಟಿಸಿದ ಈವ್ ಪೆರೆ ಎಂಬ ಈ ಖಳನ ತಂತ್ರವನ್ನು ಎಳೆದೆಳೆದು ನೋಡುವುದೆಂದರೆ ಅಭಿಮಾನಿಗಳಿಗೆ ಎಲ್ಲಿಲ್ಲದ ಪ್ರೀತಿ. ತನ್ನ ದಂಧೆಗೆ ಅಡ್ಡ ಬಂದ ಇಬ್ಬರು ಪೊಲೀಸರನ್ನು ಕೊಲ್ಲುವುದು ತೀರಾ ಸುಲಭವೆಂದು ಅವನು ಕೊಲ್ಲಿಸುವುದಿಲ್ಲ. ಒಂದು ಕೊಲೆ ಮಾಡಿಸಿ, ಧ್ವನಿಸುರುಳಿ ತಿರುಚಿ, ನ್ಯಾಯಾಲಯವನ್ನು ನಂಬಿಸಿ, ಇಬ್ಬರನ್ನೂ ಜೈಲಿಗೆ ಕಳಿಸಿ, ಅಲ್ಲಿ ಕೊಲ್ಲಿಸಲು ಹೊರಡುತ್ತಾನೆ. ಇದನ್ನೆಲ್ಲ ತನ್ನ ಪಾಲುದಾರರಿಗೆ ವಿವರಿಸಲು ಸಾಕಿದ ಇಲಿಗಳನ್ನು ಬಳಸುತ್ತಾನೆ. ಇಲಿಗಳ ಮೇಲೆ ಅವನಿಗಿರುವ ಅಕ್ಕರೆಗೆ ಚಿತ್ರ ಕೊನೆಯವರೆಗೂ ಕಾರಣ ಕೊಡುವುದಿಲ್ಲ. ಜೈಲಿನಲ್ಲಿ ಸಾಯಬೇಕಾದವರು ಮಳೆಯಲ್ಲಿ ವಿದ್ಯುತ್ ತಂತಿಗೆ ಬೆಲ್ಟ್ ಸಿಕ್ಕಿಸಿ ಜಾರಿ ತಪ್ಪಿಸಿಕೊಳ್ಳುತ್ತಾರೆ. ಭೌತಶಾಸ್ತ್ರದ ಪಾಠ ನೆನಪಿದ್ದವರು ಇಲ್ಲಿ ಬಾಯಿ ತೆರೆಯದೆ ಇರಲಾರರು. ಮುಂದೆ ಕರ್ಟ್ ರಸಲ್ ಹೆಣ್ಣುವೇಷದಲ್ಲಿ ಪೊಲೀಸರ ಕಣ್ತಪ್ಪಿಸುವುದು, ಇಲಾಖೆಯ ಶಸ್ತ್ರತಜ್ಞನೊಬ್ಬ ಕವಚ ತೊಡಿಸಿ ಮೆಷಿನ್‌ಗನ್ ಕೂರಿಸಿದ ವಾಹನ ಕೊಡುವುದು, ಕಲ್ಲುಗಣಿಯಂಥ ಜಾಗದಲ್ಲಿ ದೈತ್ಯ ಲಾರಿಗಳ ಕಾದಾಟ, ಕನ್ನಡಿಗಳ ಕೋಣೆ, ತಾನಾಗಿ ಸಿಡಿಯುವ ಕೋಟೆ ಎಲ್ಲವೂ ಬರುತ್ತವೆ. ಕೊನೆಗೆ ಇಬ್ಬರೂ ಗಾಳಿಯಲ್ಲಿ ಕೈಗೆ ಕೈ ತಟ್ಟುವ ಚಿತ್ರ ಸ್ತಬ್ಧವಾಗಿ ಪತ್ರಿಕೆಯ ಮುಖಪುಟವಾಗುತ್ತದೆ. ಟ್ಯಾಂಗೋ ಬುದ್ಧಿವಂತ ಎಂಬುದಕ್ಕೆ ಚಿತ್ರ ಕೊಡುವ ಪುರಾವೆ ಅವನ ಕನ್ನಡಕ, ಸೂಟು ಮತ್ತು ಷೇರು ವ್ಯವಹಾರ. ಈ ಅಂಶ ಗೇಲಿಯಲ್ಲಿ ಎಂದೂ ತಪ್ಪುವುದಿಲ್ಲ.

ಅಧಿಕೃತವಾಗಿ ಮೊದಲು ಗೇಲಿ ಮಾಡಿದವರು ರ‍್ಯಾಜಿ ಪ್ರಶಸ್ತಿಯವರು. ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ಈ ಅಣಕು ಪ್ರಶಸ್ತಿಯನ್ನು ಜಾನ್ ವಿಲ್ಸನ್ 1981ರಲ್ಲಿ ಲಾಸ್ ಏಂಜಲಿಸ್‌ನ ತಮ್ಮ ಮನೆಯಲ್ಲೇ ಶುರುಮಾಡಿದ್ದರು. 'ಟ್ಯಾಂಗೋ ಅಂಡ್ ಕ್ಯಾಶ್' ಕೆಟ್ಟ ಚಿತ್ರಕಥೆಗೂ ಸ್ಟಲೋನ್ ಕೆಟ್ಟ ನಟನಿಗೂ ನಾಮನಿರ್ದೇಶನಗೊಂಡರು. ಕರ್ಟ್ ರಸಲ್ ನಾಮನಿರ್ದೇಶನಗೊಂಡದ್ದು ಕೆಟ್ಟ ಪೋಷಕ ನಟಿ ವಿಭಾಗದಲ್ಲಿ. ಎಲ್ಲ ಆ ಹೆಣ್ಣುವೇಷದ ಕೃಪೆ. ಮೂರರಲ್ಲಿ ಒಂದೂ ಗೆಲ್ಲಲಿಲ್ಲ. ಆದರೆ ಅದೇ ಸಮಾರಂಭ ಸ್ಟಲೋನ್ ಅವರನ್ನು ದಶಕದ ಅತಿ ಕೆಟ್ಟ ನಟನೆಂದು ಸಾರಿತು. ವಾಸ್ತವದಲ್ಲಿ ಈ ಚಿತ್ರದಲ್ಲಿ ಅವರ ಅಭಿನಯ ಕೆಟ್ಟದ್ದೇನಲ್ಲ. ಜೋಡಿಯ ಮಾತಿನ ಚಕಮಕಿ ಓಡುವುದೇ ಇಬ್ಬರು ನಟರ ಲವಲವಿಕೆಯಿಂದ.

ಸಿನಿಮಾದೊಂದಿಗೆ ಮಾತಾಡುವ ಪದ್ಧತಿಗೆ ಅಮೆರಿಕದಲ್ಲಿ ಬೇರೆ ಬೇರುಗಳಿದ್ದವು. 1976ರಿಂದ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ 'ದ ರಾಕಿ ಹಾರರ್ ಪಿಕ್ಚರ್ ಶೋ' ನೋಡುತ್ತಿದ್ದವರು ತೆರೆಯ ಮಾತಿಗೆ ಮಾತು ಕೂಗಲು ಆರಂಭಿಸಿದರು. ಹ್ಯಾರಿ ಮತ್ತು ಮೈಕೆಲ್ ಮೆಡ್ವೆಡ್ ಸೋದರರು 1980ರ 'ಗೋಲ್ಡನ್ ಟರ್ಕಿ ಅವಾರ್ಡ್ಸ್' ಪುಸ್ತಕದಲ್ಲಿ ಎಡ್ ವುಡ್‌ನ 'ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್'ಗೆ ಅತಿ ಕೆಟ್ಟ ಚಿತ್ರದ ಪಟ್ಟ ಕಟ್ಟಿ, ಮರೆತೇಹೋಗಿದ್ದ ಅದಕ್ಕೆ ಸಾವಿರಾರು ಹೊಸ ನೋಡುಗರನ್ನು ದೊರಕಿಸಿದರು. 1988ರ ನವೆಂಬರ್ 24ರಂದು ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಸಣ್ಣ ಟಿವಿ ಕೇಂದ್ರದಲ್ಲಿ ಜೋಯಲ್ ಹಾಡ್ಗ್‌ಸನ್ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಆರಂಭಿಸಿದರು. ತೆರೆಯ ಕೆಳಗೆ ಒಬ್ಬ ಮನುಷ್ಯ, ಎರಡು ರೋಬೋಟುಗಳ ನೆರಳು. ಮೇಲೆ ಯಾವುದೋ ಅಗ್ಗದ ಚಿತ್ರ. ನಡುವೆ ಎಡೆಬಿಡದ ಟೀಕೆ. ಮನೆಮನೆಯ ಸೋಫಾದಲ್ಲಿ ನಡೆಯುತ್ತಿದ್ದ ಹರಟೆಗೆ ಈ ಕಾರ್ಯಕ್ರಮ ವ್ಯಾಕರಣ ಕೊಟ್ಟಿತು.

ಆದರೆ ದೊಡ್ಡ ಸ್ಟುಡಿಯೋಗಳ ಪೊಲೀಸ್ ಚಿತ್ರಗಳು ಆ ಕಾರ್ಯಕ್ರಮದ ಕೈಗೆಟುಕುವಂತಿರಲಿಲ್ಲ. ಪ್ರಸಾರದ ಹಕ್ಕು ಕೊಳ್ಳಬೇಕಿದ್ದುದರಿಂದ ಅದು ಬಹುಪಾಲು ಕಡಿಮೆ ಬೆಲೆಗೆ ಸಿಗುವ ಹಳೆಯ ಚಿತ್ರಗಳಲ್ಲೇ ದಿನ ದೂಡಿತು. 'ಟ್ಯಾಂಗೋ ಅಂಡ್ ಕ್ಯಾಶ್'ನಂಥವುಗಳ ಗೇಲಿ ಬೆಳೆದದ್ದು ಬಾಡಿಗೆ ವಿಡಿಯೋ ಕ್ಯಾಸೆಟ್ಟು ಮತ್ತು ಕೇಬಲ್ ಟಿವಿಯ ಮುಂದೆ. ಟೇಪನ್ನು ಹಿಂದಕ್ಕೋಡಿಸಿ ಅದೇ ಹೊಡೆತವನ್ನು ಹತ್ತು ಸಲ ನೋಡಬಹುದು ಎಂದಾದಾಗ, ಸ್ಟಂಟ್‌ನವನ ಮುಖ, ಒಡೆದೇ ಇರದ ಗಾಜು, ಬದಲಾದ ಅಂಗಿ ಎಲ್ಲವೂ ಕಣ್ಣಿಗೆ ಬೀಳತೊಡಗಿದವು. ಹಕ್ಕಿನ ತೊಡಕನ್ನು 2006ರಲ್ಲಿ 'ರಿಫ್‌ಟ್ರ್ಯಾಕ್ಸ್' ಜಾಣತನದಿಂದ ದಾಟಿತು. ಹಳೆಯ ಕಾರ್ಯಕ್ರಮದ ಮೈಕ್ ನೆಲ್ಸನ್ ಶುರುಮಾಡಿದ ಈ ಸಂಸ್ಥೆ ಚಿತ್ರವನ್ನು ಮಾರದೆ ಟೀಕೆಯ ಧ್ವನಿಯನ್ನಷ್ಟೇ ಮಾರಿತು. ಗಿರಾಕಿ ತನ್ನ ಡಿವಿಡಿಯ ಜೊತೆ ಅದನ್ನು ಹೊಂದಿಸಿಕೊಂಡು ಕೇಳಬೇಕಿತ್ತು. ಅದು ಮೊದಲು ಆರಿಸಿಕೊಂಡ ಚಿತ್ರ 'ರೋಡ್ ಹೌಸ್', ಅಂದರೆ ಸ್ವೇಜಿ ಯಾವುದಕ್ಕಾಗಿ ಕ್ಯಾಶ್ ಪಾತ್ರ ಬಿಟ್ಟರೋ ಅದು.

ಹಾಲಿವುಡ್ಡೂ ಸುಮ್ಮನಿರಲಿಲ್ಲ. 1993ರ ಫೆಬ್ರವರಿಯಲ್ಲಿ 'ಲೋಡೆಡ್ ವೆಪನ್ 1' ಜೋಡಿ ಪೊಲೀಸರನ್ನು ಸಾಲುಸಾಲಾಗಿ ಅಣಕಿಸಿತು. ಅದೇ ವರ್ಷದ ಜೂನಿನಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ 'ಲಾಸ್ಟ್ ಆ್ಯಕ್ಷನ್ ಹೀರೋ' ಬಂದು ಸೋತಿತು. ಈ ಸೋಲಿನ ಹಿಂದೊಂದು ಸ್ವಾರಸ್ಯವಿದೆ. ಮೂಲ ಕಥೆ ಬರೆದ ಇಬ್ಬರು ಹೊಸಬರು ಅಣಕಿಸಹೊರಟದ್ದು 'ಲೀಥಲ್ ವೆಪನ್' ಬರೆದ ಶೇನ್ ಬ್ಲ್ಯಾಕ್ ಶೈಲಿಯನ್ನು. ಸ್ಟುಡಿಯೋ ಅದನ್ನು ತಿದ್ದಿ ಬರೆಯಲು ಒಪ್ಪಿಸಿದ್ದು ಶೇನ್ ಬ್ಲ್ಯಾಕ್ ಕೈಗೇ. 2007ರ ಬ್ರಿಟಿಷ್ ಚಿತ್ರ 'ಹಾಟ್ ಫಜ್' ಹೆಚ್ಚು ಹದವಾಗಿತ್ತು. ಅದನ್ನು ಮಾಡಿದವರಿಗೆ ಇಂಥ ಚಿತ್ರಗಳ ಮೇಲೆ ನಿಜವಾದ ಮೋಹವಿತ್ತು. ಒಟ್ಟಾರೆ, ಬೇಕೆಂದೇ ಮಾಡಿದ ಅಣಕುಚಿತ್ರಗಳು ಒಮ್ಮೆ ನಗಿಸುತ್ತವೆ. ಪ್ರೇಕ್ಷಕ ತಾನಾಗಿ ಕಂಡುಹಿಡಿಯಲು ಅವುಗಳಲ್ಲಿ ಏನೂ ಉಳಿದಿರುವುದಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ 'ಸಮುರಾಯ್ ಕಾಪ್'. ಇರಾನಿನಿಂದ ಬಂದ ನಿರ್ದೇಶಕ ಅಮೀರ್ ಶೆರ್ವಾನ್ 'ಲೀಥಲ್ ವೆಪನ್' ಮಾದರಿಯನ್ನು ಮುಂದಿಟ್ಟುಕೊಂಡು ಲಾಸ್ ಏಂಜಲಿಸ್‌ನಲ್ಲಿ ಚಿಲ್ಲರೆ ದುಡ್ಡಿನಲ್ಲಿ ಮಾಡಿದ ಚಿತ್ರವಿದು. ವರ್ಷ 1991 ಆದರೂ ಮೈಯೆಲ್ಲ 80ರ ದಶಕವೇ. ಚಿತ್ರೀಕರಣ ಮುಗಿಯಿತೆಂದು ನಾಯಕ ಮ್ಯಾಥ್ಯೂ ಕರೇಡಸ್ ತನ್ನ ಉದ್ದ ಕೂದಲು ಕತ್ತರಿಸಿಕೊಂಡ. ತಿಂಗಳುಗಳ ಬಳಿಕ ಇನ್ನಷ್ಟು ದೃಶ್ಯಗಳಿಗೆ ಕರೆ ಬಂತು. ಹೆಂಗಸರ ವಿಗ್ ಇಟ್ಟು ಮುಗಿಸಿದರು. ಹೀಗಾಗಿ ಒಂದೇ ಕಾದಾಟದಲ್ಲಿ ಕೂದಲು ಹೊಡೆತಕ್ಕೊಂದು ಬಗೆಯಾಗುತ್ತದೆ. ಖಳನ ಬಂಟನಾಗಿ ನಟಿಸಿದ ರಾಬರ್ಟ್ ಜಡಾರ್ 'ಟ್ಯಾಂಗೋ ಅಂಡ್ ಕ್ಯಾಶ್'ನಲ್ಲೂ ಇದ್ದ, ಅಗಲ ದವಡೆಯ ನಟ. ಎರಡೂ ಚಿತ್ರಗಳ ಅಭಿಮಾನಿಗಳಿಗೆ ಆತ ಆಪ್ತ. ಬಹುಕಾಲ ಯಾರ ಕಣ್ಣಿಗೂ ಬೀಳದಿದ್ದ ಚಿತ್ರ ಡಿವಿಡಿ ಬಂದ ಮೇಲೆ ಮಧ್ಯರಾತ್ರಿಯ ಪ್ರದರ್ಶನಗಳಿಗೆ ಏರಿತು. ನಾಯಕ ತೀರಿಕೊಂಡನೆಂದೇ ಬಹಳ ಜನ ನಂಬಿದ್ದರು. 2014ರಲ್ಲಿ ಆತ ಮತ್ತೆ ಕಾಣಿಸಿಕೊಂಡಾಗ ನಕ್ಕವರೇ ಹೆಚ್ಚು ಸಂಭ್ರಮಪಟ್ಟರು.

ಈ ಗೇಲಿಯಲ್ಲಿ ಹಗೆ ಕಡಿಮೆ. ಹತ್ತು ಸಲ ನೋಡದವನಿಗೆ ಇಲಿಗಳ ಬಗ್ಗೆ ತಕರಾರು ಎತ್ತಲು ಬರುವುದಿಲ್ಲ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲೇ ಇಂಥ ಅಭಿರುಚಿಯ ಕುರಿತು ಬರೆಯುತ್ತ, ಅಪ್ಪಟ ಬಗೆಯದು ತನಗೆ ಅರಿವಿಲ್ಲದೆ ಹಾಗಾದದ್ದು ಎಂಬರ್ಥದ ಮಾತು ಹೇಳಿದ್ದರು. 'ಸಮುರಾಯ್ ಕಾಪ್'ಗೆ ಅದು ಚೆನ್ನಾಗಿ ಒಪ್ಪುತ್ತದೆ. 'ಟ್ಯಾಂಗೋ ಅಂಡ್ ಕ್ಯಾಶ್'ಗೆ ಅರ್ಧವಷ್ಟೇ ಒಪ್ಪುತ್ತದೆ, ಏಕೆಂದರೆ ಅದರ ನಿರ್ಮಾಪಕನಿಗೆ ಅರಿವಿತ್ತು, ನಿರ್ದೇಶಕನಿಗೆ ಒಪ್ಪಿಗೆಯಿರಲಿಲ್ಲ. ಹಣ, ಪ್ರತಿಭೆ ಮತ್ತು ಅಧ್ವಾನ ಒಂದೇ ಪ್ರಮಾಣದಲ್ಲಿ ಕೂಡಿದ ಚಿತ್ರಗಳು ಆ ದಶಕದಲ್ಲೂ ಹೆಚ್ಚು ಬರಲಿಲ್ಲ. ಅಭಿಮಾನಿಗಳ ದೇಣಿಗೆಯಿಂದ 'ಸಮುರಾಯ್ ಕಾಪ್'ನ ಎರಡನೇ ಭಾಗ 2015ರಲ್ಲಿ ಬಂತು. ಬೇಕೆಂದೇ ಕೆಟ್ಟದಾಗಲು ಹೊರಟ ಅದು ಮೊದಲನೆಯದರಷ್ಟು ಯಾರನ್ನೂ ನಗಿಸಲಿಲ್ಲ. 'ಟ್ಯಾಂಗೋ ಅಂಡ್ ಕ್ಯಾಶ್'ಗೆ ಎರಡನೇ ಭಾಗ ಬರಲೇ ಇಲ್ಲ.