ಅಂಗಡಿಯಲ್ಲಿ ಸಾಮಾನು ಜೋಡಿಸುವ ವಿದ್ಯೆ ನಡೆದು ಬಂದ ದಾರಿ

ನಮ್ಮ ಸಂಘದ ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಷೇರು, ಠೇವಣಿ, ಬೆಳೆಸಾಲ, ಗೊಬ್ಬರದ ವಿಚಾರವನ್ನು ಬಲ್ಲವರು ಬರೆಯುತ್ತಾರೆ. ನಾವು ಸಂಘದ ದಿನಸಿ ಅಂಗಡಿಗೆ ಸಂಬಂಧಪಟ್ಟ ಒಂದು ವಿದ್ಯೆಯ ಚರಿತ್ರೆಯನ್ನು ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇವೆ. ಅದು ಸಾಮಾನನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ ಜೋಡಿಸುವ ವಿದ್ಯೆ. "ಅದರಲ್ಲಿ ಕಲಿಯೋದೇನಿದೆ ಸ್ವಾಮಿ, ಒಳ್ಳೇ ಮಾಲಾದ್ರೆ ತಾನಾಗೇ ಖರ್ಚಾಗುತ್ತೆ" ಎನ್ನುವವರು ಬಹಳ ಮಂದಿ. ನಾವೂ ಹಾಗೆ ಅಂದುಕೊಂಡಿದ್ದವರೇ.

ನಿಜ ಹೇಳಬೇಕೆಂದರೆ ಈ ವಿದ್ಯೆ ನಮ್ಮ ಸಂತೆಗೆ ಹೊಸದಲ್ಲ. ಸೊಪ್ಪಿನಾಕೆ ಕಂತೆಗಳಿಗೆ ನೀರು ಚಿಮುಕಿಸುತ್ತಾಳೆ. ಟೊಮೇಟೊ ಗುಡ್ಡೆಯಲ್ಲಿ ದಪ್ಪ ಹಣ್ಣು ಮೇಲೆ ಕೂರುತ್ತದೆ. ಆದರೆ ಸಂತೆಯಲ್ಲಿ ಗಿರಾಕಿ ಮುಟ್ಟಿ, ಮೂಸಿ, ಚೌಕಾಸಿ ಮಾಡಿ ಕೊಳ್ಳುತ್ತಾನೆ. ಅಂಗಡಿ ಬಂದ ಮೇಲೆ ಸಾಮಾನು ಒಳಗೆ, ಗಿರಾಕಿ ಹೊರಗೆ, ಬೆಲೆ ಅಂಗಡಿಯವನ ಬಾಯಲ್ಲಿ ಎಂಬಂತಾಯಿತು. ಈ ಮೂರನ್ನೂ ಬಯಲಿಗೆ ತಂದದ್ದೇ ಈ ವಿದ್ಯೆಯ ಚರಿತ್ರೆ.

ಸಹಕಾರಿಗಳಾದ ನಾವು ಮೊದಲು ನೆನೆಯಬೇಕಾದ್ದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣವನ್ನು. 1844ರ ಡಿಸೆಂಬರ್ 21ರಂದು ಅಲ್ಲಿನ ಟೋಡ್ ಲೇನ್ ಎಂಬ ಬೀದಿಯಲ್ಲಿ ನೇಕಾರರೇ ಮೊದಲಾದ 28 ಮಂದಿ, 28 ಪೌಂಡು ಬಂಡವಾಳದಲ್ಲಿ ಅಂಗಡಿ ತೆರೆದರು. ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದ ಬತ್ತಿ ಮಾತ್ರ. ಬೀದಿಯ ಹುಡುಗರು ನಕ್ಕು ಗೇಲಿ ಮಾಡಿದರು. ಆದರೆ ಕಲಬೆರಕೆ ಮನೆಮಾತಾಗಿದ್ದ ಆ ಕಾಲದಲ್ಲಿ ಶುದ್ಧ ಮಾಲು, ಸರಿಯಾದ ತೂಕ ಎಂಬ ಎರಡು ಮಾತನ್ನು ಅವರು ಬಿಡಲಿಲ್ಲ. ಅಲಂಕಾರವಿಲ್ಲದಿದ್ದರೂ ಅಂಗಡಿ ನಿಂತಿತು. ಈ ಮಾತು ನೆನಪಿರಲಿ.

ಮರುವರ್ಷ 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಯಿತು. ದೊಡ್ಡ ಗಾಜಿನ ಕಿಟಕಿ ಅಂಗಡಿಯವರಿಗೆ ಕೈಗೆಟುಕತೊಡಗಿತು. ಇತ್ತ ಪ್ಯಾರಿಸ್ಸಿನಲ್ಲಿ ಅರಿಸ್ಟೀಡ್ ಬೂಸಿಕೊ ಎಂಬಾತ 1852ರಲ್ಲಿ 'ಬಾನ್ ಮಾರ್ಶೆ' ಅಂಗಡಿಗೆ ಪಾಲುದಾರನಾದ. ಎಲ್ಲರಿಗೂ ಒಂದೇ ದರ, ಒಳಗೆ ಬಂದು ನೋಡಿ ಕೊಳ್ಳದೆ ಹೋದರೂ ಬೇಸರವಿಲ್ಲ ಎಂಬ ಪದ್ಧತಿಯಿಂದ ಆ ಅಂಗಡಿ ಹೆಸರಾಯಿತು.

ಈ ವಿದ್ಯೆಗೆ ಪಾಠಪುಸ್ತಕ ಬರೆದವರಲ್ಲಿ ಒಬ್ಬನ ಕಥೆ ನಮ್ಮಂಥ ಮಳೆ ನಂಬಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದ ಎಲ್. ಫ್ರಾಂಕ್ ಬಾಮ್ 1888ರಲ್ಲಿ ಡಕೋಟ ಸೀಮೆಯ ಅಬರ್ಡೀನ್ ಊರಿನಲ್ಲಿ 'ಬಾಮ್ಸ್ ಬಜಾರ್' ತೆರೆದ. ಬರಗಾಲ ಬಂತು, ರೈತರ ಕೈಯಲ್ಲಿ ಕಾಸಿಲ್ಲ, ಉದ್ರಿ ಬೆಳೆಯಿತು. 1890ರಲ್ಲಿ ಅಂಗಡಿ ಮುಚ್ಚಿತು. ಆಮೇಲೆ ಷಿಕಾಗೋ ಸೇರಿ, ಪಿಂಗಾಣಿ ಸಾಮಾನಿನ ಮಾರಾಟಗಾರನಾಗಿ ಊರೂರು ಸುತ್ತಿ ನೂರಾರು ಅಂಗಡಿ ಕಂಡ. 1897ರಲ್ಲಿ ಅಂಗಡಿ ಕಿಟಕಿಗಳ ಅಲಂಕಾರಕ್ಕೆಂದೇ 'ದಿ ಶೋ ವಿಂಡೋ' ಎಂಬ ಮಾಸಪತ್ರಿಕೆ ಹೊರಡಿಸಿದ. ಮರುವರ್ಷ ಆ ಕಸುಬಿನವರ ಸಂಘವನ್ನೂ ಕಟ್ಟಿದ. 1900ರಲ್ಲಿ ಈ ವಿಷಯದ ಮೇಲೆ ಅವನ ಪುಸ್ತಕ ಬಂತು. ಮಕ್ಕಳ ಪ್ರಸಿದ್ಧ ಕಥೆ 'ಓಝ್' ಬರೆದವನೂ ಇವನೇ, ಅದೂ ಅದೇ ವರ್ಷ.

ಕೊನೆಯ ಅಡ್ಡಗೋಡೆಯಾದ ಕೌಂಟರನ್ನು ಕಿತ್ತವನು ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ತೆರೆದ 'ಪಿಗ್ಲಿ ವಿಗ್ಲಿ' ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು, ಒಂದೇ ದಾರಿಯಲ್ಲಿ ಎಲ್ಲ ಕಪಾಟು ಸುತ್ತಿ, ಬೇಕಾದ್ದು ಎತ್ತಿಕೊಂಡು ಕೊನೆಗೆ ದುಡ್ಡು ಕೊಡಬೇಕು. ಪ್ರತಿ ಸಾಮಾನಿಗೂ ಬೆಲೆ ಚೀಟಿ. ಬ್ರಿಟನ್ನಿನಲ್ಲಿ ಈ ಪದ್ಧತಿಗೆ ಮೊದಲು ಕೈಹಾಕಿದ್ದು ಸಹಕಾರಿಗಳೇ ಎಂಬುದು ನಮಗೆ ಹೆಮ್ಮೆ. ಯುದ್ಧಕಾಲದಲ್ಲಿ ಕೆಲಸಗಾರರ ಅಭಾವವಿದ್ದಾಗ, 1942ರಲ್ಲಿ, ಲಂಡನ್ ಕೋ-ಆಪರೇಟಿವ್ ಸೊಸೈಟಿಯವರು ರಾಮ್‌ಫರ್ಡಿನ ತಮ್ಮ ಅಂಗಡಿಯ ಒಂದು ಭಾಗದಲ್ಲಿ ಇದನ್ನು ಜಾರಿಗೆ ತಂದರು.

ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಪತ್ತಿನ ಸಂಘ. 1904ರ ಕಾಯ್ದೆ ಪತ್ತಿನ ಸಂಘಗಳಿಗೆ ಮಾತ್ರ ಇತ್ತು. ಅಂಗಡಿ ನಡೆಸುವಂಥ ಸಂಘಗಳಿಗೆ 1912ರ ಕಾಯ್ದೆ ದಾರಿ ಮಾಡಿತು. 1962ರ ನಂತರ ಬಳಕೆದಾರರ ಸಹಕಾರಕ್ಕೆ ಕೇಂದ್ರದ ನೆರವು ಬಂದು, ಪಟ್ಟಣಗಳಲ್ಲಿ ಜನತಾ ಬಜಾರುಗಳು ಜನರ ಬಾಯಲ್ಲಿ ನಿಂತವು. 1977ರ ನಿಯಮಗಳು ಪೊಟ್ಟಣದ ಮೇಲೆ ತೂಕ, ಬೆಲೆ ಅಚ್ಚಾಗಬೇಕೆಂದು ಕಡ್ಡಾಯ ಮಾಡಿದವು.

ಈಗ ನಮ್ಮ ಅಂಗಡಿಯ ಮಾತು. ಮುಚ್ಚಿಟ್ಟುಕೊಳ್ಳುವುದೇನಿಲ್ಲ. ಹೊಸ ಮಾಲನ್ನು ಹಳೆಯದರ ಮುಂದೆ ಪೇರಿಸುತ್ತ ಬಂದು, ಹಿಂದುಳಿದ ರವೆ, ಬಿಸ್ಕತ್ತು ಹುಳು ಹಿಡಿದು ತಿಪ್ಪೆ ಸೇರಿದ್ದುಂಟು. ಅದು ನಮ್ಮೆಲ್ಲರ ಲಾಭಾಂಶದ ದುಡ್ಡು. ಒಮ್ಮೆ ಹಿರಿಯ ಸದಸ್ಯೆಯೊಬ್ಬರನ್ನು, "ಅವ್ವಾ, ಯಾಕೆ ನಮ್ಮ ಸೊಸೈಟಿಗೆ ಬರಲ್ಲ?" ಎಂದು ಕೇಳಿದೆವು. "ಒಳಗೆ ಏನೈತೆ ಅಂತ ಕಾಣಾಕಿಲ್ಲ ಕಣಪ್ಪ. ರೇಟು ಕೇಳಿ, ದುಡ್ಡು ಸಾಲದೆ ಬ್ಯಾಡ ಅಂದ್ರೆ ನಾಲ್ಕು ಜನ ನೋಡ್ತಾರೆ" ಎಂದರು. ಆ ಮಾತು ನಮ್ಮ ಕಣ್ಣು ತೆರೆಸಿತು. ಬೆಲೆ ಚೀಟಿ ಎಂಬುದು ವ್ಯಾಪಾರದ ಉಪಾಯವಷ್ಟೇ ಅಲ್ಲ, ಬಡವರ ಮಾನ ಕಾಯುವ ಸಾಧನ.

ಆದ್ದರಿಂದ ಖರ್ಚಿಲ್ಲದೆ ಆಗುವ ಕೆಲಸ ಇಷ್ಟು: ಪ್ರತಿ ಸಾಮಾನಿಗೆ ದೊಡ್ಡಕ್ಷರದ ಬೆಲೆ ಚೀಟಿ. ಹಳೆಯ ಮಾಲು ಮುಂದೆ, ಹೊಸದು ಹಿಂದೆ. ದಿನಬಳಕೆಯದು ಕಣ್ಣಿನ ಮಟ್ಟಕ್ಕೆ, ಭಾರದ್ದು ಕೆಳಗೆ. ತಕ್ಕಡಿಯ ಮುಖ ಗಿರಾಕಿಯ ಕಡೆಗೆ. ಕತ್ತಲೆ ಮೂಲೆಗೊಂದು ದೀಪ.

ಇದೇ ವಿದ್ಯೆಯಿಂದ ಬೇಡದ್ದನ್ನು ಕೊಳ್ಳಿಸುವವರೂ ಇದ್ದಾರೆ. ಮಕ್ಕಳ ಕೈಗೆಟುಕುವಂತೆ ಮಿಠಾಯಿ ಇಡುವುದು ಅದರ ಒಂದು ಬಗೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ನಮ್ಮ ಅಂಗಡಿಯಲ್ಲಿ ಕೊಳ್ಳುವವನೇ ಮಾಲೀಕ. ಯಾರು ಯಾರಿಗೆ ಕಣ್ಕಟ್ಟು ಮಾಡಬೇಕು? ರಾಚ್‌ಡೇಲಿನ ನೇಕಾರರ ಶುದ್ಧ ಮಾಲು, ಸರಿ ತೂಕ ಮೊದಲು ಇರಲಿ. ಅದು ಸದಸ್ಯರ ಕಣ್ಣಿಗೆ ಕಾಣುವಂತೆಯೂ ಇರಲಿ ಎಂಬುದೇ ಈ ರಜತ ವರ್ಷದಲ್ಲಿ ನಮ್ಮ ವಿನಂತಿ.