ಕಟ್ಟಿದವರು ಬೇರೆ, ಸೇರಿದವರು ಬೇರೆ

ಸುಳ್ಯ ಸೀಮೆಯ ಅರಂತೋಡಿನ ಗುಡ್ಡದ ಬದಿಯಲ್ಲಿ ಹುತ್ತ ಕಂಡು ನಾಗನ ನೆಲೆಯೆಂದು ಕೈಮುಗಿಯುವವರಿಗೂ ಅದನ್ನು ಕಟ್ಟಿದ್ದು ಗೆದ್ದಲು ಎಂಬುದು ಗೊತ್ತು. ಒಳಗೆ ಸಿಕ್ಕ ಜೀವಿಯೇ ಆ ಮನೆಯನ್ನು ಮಾಡಿತೆನ್ನಲು ಬರುವುದಿಲ್ಲ. ಹಾಗಾದರೆ ಮಾಡಿದವರ ಗುರುತು ಎಲ್ಲಿ ಉಳಿಯುತ್ತದೆ? ಕಾಸರಗೋಡಿನಿಂದ ಸುಳ್ಯ, ಪುತ್ತೂರಿನವರೆಗೆ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ಗೋಡೆ ಇದಕ್ಕೆ ಉತ್ತರ ಹೇಳುತ್ತದೆ. ತೋಡಿದವರ ಹೆಸರು ಮರೆತುಹೋಗಿರಬಹುದು. ಆದರೆ ಪಿಕ್ಕಾಸಿನ ಗೀರು, ಒಬ್ಬರು ಬಾಗಿ ಸಾಗುವಷ್ಟು ಅಗಲ, ನೀರು ತಾನಾಗಿ ಹೊರಗೆ ಹರಿಯುವಂತೆ ಇಟ್ಟ ಇಳಿಜಾರು, ಇವು ಅವರ ಉದ್ದೇಶವನ್ನು ಇಂದಿಗೂ ತಿಳಿಸುತ್ತವೆ. ಪುರಾತನ ಪ್ರಾಣಿಗಳ ಬಿಲಗಳನ್ನೂ ಹೀಗೆಯೇ ಓದಬೇಕು ಎಂಬುದು ನನ್ನ ವಾದ. ಎಲುಬು ಪ್ರಾಣಿಯ ಮೈಕಟ್ಟನ್ನು ತೋರಿಸುತ್ತದೆ. ಅದು ಬದುಕಿದ ರೀತಿಯನ್ನು ಬಿಲದ ಗೋಡೆ ತೋರಿಸುತ್ತದೆ.

ಅಮೆರಿಕದ ನೆಬ್ರಾಸ್ಕದಲ್ಲಿ 1891ರಲ್ಲಿ ಭೂವಿಜ್ಞಾನಿ ಅರ್ವಿನ್ ಬಾರ್ಬರ್ ಅವರಿಗೆ ಆಳೆತ್ತರಕ್ಕೂ ಮೀರಿದ ಕಲ್ಲಿನ ಸುರುಳಿಗಳು ಸಿಕ್ಕವು. ಅವರು ಅವನ್ನು ಮೊದಲು ದೈತ್ಯ ಸ್ಪಂಜು ಎಂದರು, ಆಮೇಲೆ ಸಸ್ಯ ಎಂದರು. ಒಳಗೆ ದಂಶಕದ ಎಲುಬು ಸಿಕ್ಕರೂ ಆ ಮಾತು ಬಿಡಲಿಲ್ಲ. ಅವು ದಂಶಕಗಳ ಬಿಲಗಳೇ ಎಂದು ವಿಯೆನ್ನಾದ ಥಿಯೊಡೋರ್ ಫುಕ್ಸ್ 1893ರಲ್ಲೇ ಸೂಚಿಸಿದ್ದರು. ಸತ್ತ ಪ್ರಾಣಿ ಅಲ್ಲಿಗೆ ಹೇಗೋ ಬಂದು ಸೇರಿರಬಹುದಲ್ಲ ಎಂಬ ಆಕ್ಷೇಪಕ್ಕೆ ಎಲುಬಿನಿಂದ ಉತ್ತರ ಸಿಗುವಂತಿರಲಿಲ್ಲ. 1977ರಲ್ಲಿ ಮಾರ್ಟಿನ್ ಮತ್ತು ಬೆನೆಟ್ ಅದನ್ನು ಗೋಡೆಯಲ್ಲಿ ತೋರಿಸಿದರು: ಅಲ್ಲಿದ್ದ ಗೀರುಗಳು ಪೇಲಿಯೊಕ್ಯಾಸ್ಟರ್ ಎಂಬ ಪುಟ್ಟ ಬೀವರ್‌ನ ಬಾಚಿಹಲ್ಲಿಗೆ ಹೊಂದಿಕೊಂಡವು. ಸುಮಾರು 2 ಕೋಟಿ ವರ್ಷಗಳ ಹಿಂದೆ ಈ ಬೀವರ್‌ಗಳು ಇಂದಿನ ಬೀವರ್‌ಗಳಂತೆ ನೀರಿನಲ್ಲಿ ಬದುಕದೆ ಒಣನೆಲದಲ್ಲಿ ಬಿಲ ತೋಡಿ ಗುಂಪಾಗಿ ವಾಸಿಸುತ್ತಿದ್ದವು. ಅಂಥದೊಂದು ಬಿಲದಲ್ಲಿ ಜೋಡಿಯೊಲೆಸ್ಟಿಸ್ ಎಂಬ ಬೇಟೆಗಾರ ಪ್ರಾಣಿಯೂ ಸಿಕ್ಕಿದೆ. ಹುತ್ತದ ಹಾವಿನಂತೆ ಅದೂ ಅಲ್ಲಿ ಒಕ್ಕಲು ಮಾತ್ರ.

ಒಕ್ಕಲಿಗೂ ಒಂದು ಕಥೆ ಇರುತ್ತದೆ. ದಕ್ಷಿಣ ಆಫ್ರಿಕಾದ ಕಾರೂ ಪ್ರದೇಶದ, ಸುಮಾರು 25 ಕೋಟಿ ವರ್ಷ ಹಳೆಯ ಬಿಲವೊಂದನ್ನು ಒಡೆಯದೆ, ತೀವ್ರ ಕ್ಷಕಿರಣದಿಂದ ಒಳಗು ನೋಡಿ 2013ರಲ್ಲಿ ಪ್ರಕಟಿಸಿದರು. ಸಸ್ತನಿಗಳ ದೂರದ ನಂಟನಾದ ಥ್ರಿನಾಕ್ಸೊಡಾನ್‌ನ ಪಕ್ಕದಲ್ಲೇ ಬ್ರೂಮಿಸ್ಟೆಗಾ ಎಂಬ ಉಭಯಚರ ಮಲಗಿತ್ತು. ನೆರೆನೀರು ಎರಡನ್ನೂ ತಂದು ತುಂಬಿತೇ? ಹಾಗಾಗಿದ್ದರೆ ಮೂಳೆಗಳು ಚದುರಿರುತ್ತಿದ್ದವು. ಇಲ್ಲಿ ಎರಡೂ ಅಸ್ಥಿಪಂಜರಗಳು ಇಡಿಯಾಗಿವೆ. ಒಂದು ಇನ್ನೊಂದನ್ನು ಕೊಂದು ತಂದಿತೇ? ಉಭಯಚರದ ಮುರಿದ ಪಕ್ಕೆಲುಬುಗಳು ಕೂಡಿಕೊಳ್ಳತೊಡಗಿದ್ದವು, ಅಂದರೆ ಪೆಟ್ಟಾದ ಮೇಲೂ ಅದು ಬದುಕಿತ್ತು. ಬೇಸಗೆಯ ಗಾಢ ನಿದ್ದೆಯಲ್ಲಿದ್ದ ಮನೆಯೊಡೆಯ ಥ್ರಿನಾಕ್ಸೊಡಾನ್ ಗಾಯಾಳುವಿನ ಬರವನ್ನು ಅರಿಯದೆ ಹೋದ ಎಂಬ ಸಂಶೋಧಕರ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಎಲ್ಲ ತೂತನ್ನೂ ಬಿಲ ಎನ್ನುವ ಆತುರವೂ ಇದೆ, ಅದು ನಮ್ಮ ದೇಶದಲ್ಲೇ ನಡೆದಿದೆ. ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನ ಗೆರೆಗಳು 100 ಕೋಟಿಗೂ ಹೆಚ್ಚು ವರ್ಷ ಹಿಂದಿನ ಹುಳುಗಳ ದಾರಿ ಎಂದು 1998ರಲ್ಲಿ ಸೈಲಾಖರ್ ಮತ್ತು ಸಂಗಡಿಗರು ಬರೆದರು. ಆ ಕಲ್ಲು ಸುಮಾರು 160 ಕೋಟಿ ವರ್ಷ ಹಳೆಯದೆಂದು ಆಮೇಲೆ ತಿಳಿದಾಗ, ಪ್ರಾಣಿಗಳ ಖಚಿತ ಗುರುತುಗಳಿಗೂ ಅದಕ್ಕೂ ನಡುವಿನ ಅಂತರ ನಂಬಲಾಗದಷ್ಟು ಹಿಗ್ಗಿತು. ಅರಂತೋಡಿನ ಮುರಕಲ್ಲಿನಲ್ಲೂ ಹುಳು ಕೊರೆದಂತೆ ಕಾಣುವ ತೂತುಗಳು ಸಾವಿರಾರು. ಆದರೆ ಅವುಗಳ ಅಗಲ ಹೆಜ್ಜೆಗೊಮ್ಮೆ ಬದಲಾಗುತ್ತದೆ, ಗೋಡೆಯಲ್ಲಿ ಹಲ್ಲಿನ ಗೀರಿಲ್ಲ, ಉಗುರಿನ ಗೀರಿಲ್ಲ. ಕಬ್ಬಿಣದ ಅಂಶ ಗಟ್ಟಿಯಾಗಿ ನಿಂತು, ನಡುವಿನ ಮೆದು ಮಣ್ಣು ಮಳೆನೀರಿಗೆ ತೊಳೆದುಹೋದಾಗ ಇಂಥ ತೂತುಗಳಾಗುತ್ತವೆ. ಅಲ್ಲೊಂದು ಇಲ್ಲೊಂದು ಬೇರು, ಗೆದ್ದಲಿನ ಕೆಲಸವೂ ಸೇರಿರಬಹುದು, ಆದರೆ ಅದನ್ನು ಒಂದೊಂದಾಗಿ ಸಾಬೀತು ಮಾಡಬೇಕು. ಅದೇ ಮುರಕಲ್ಲಿನಲ್ಲಿ ನಾಲ್ಕು ಮಾರು ಆಚೆ ಒಂದೇ ಅಗಲದ ದಾರಿ, ಒಂದೇ ಕಡೆಗೆ ಇಳಿಜಾರು, ಸಾಲಾಗಿ ಪಿಕ್ಕಾಸಿನ ಗೀರು ಕಂಡರೆ ಅಲ್ಲಿ ಯಾರೋ ನೀರು ಹುಡುಕಿದ್ದರು ಎನ್ನಬಹುದು.