ಸನ್ನತಿ: ಕಾಳಿ ವಿಗ್ರಹದ ಕೆಳಗಿತ್ತು ಅಶೋಕನ ಶಾಸನ

ಚಿತ್ತಾಪುರ: ತಾಲ್ಲೂಕಿನ ಸನ್ನತಿ ಅಂದ್ರೆ ಎಲ್ಲರಿಗೂ ನೆನಪಾಗೋದು ಭೀಮಾ ದಂಡೆಯ ಚಂದ್ರಲಾ ಪರಮೇಶ್ವರಿ ಗುಡಿ. ಇದೇ ಊರು ಅಶೋಕನ ಕಾಲದ ಸಾಕ್ಷಿಯೂ ಹೌದು.

1986ರಲ್ಲಿ ಗುಡಿ ಆವರಣದ ಕಾಳಿ ಮಂದಿರದ ಚಾವಣಿ ಕುಸಿದು ವಿಗ್ರಹ ಒಡೆಯಿತು. ಆಗ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅದು ಕ್ರಿ.ಪೂ. 3ನೇ ಶತಮಾನದ ಅಶೋಕನ ಪ್ರಾಕೃತ ಶಾಸನ. ಆದರೆ ವಿಗ್ರಹ ಕೂರಿಸಲು ಹಿಂದೆ ಯಾರೋ ಕಲ್ಲಿನ ನಡುವೆ ರಂಧ್ರ ಕೊರೆದಿದ್ದರು. ಅಲ್ಲಿದ್ದ ಅಕ್ಷರ ಹೋದದ್ದು ಹೋಯಿತು.

ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ ಉತ್ಖನನ ನಡೆಸಿ ಬೌದ್ಧ ಮಹಾಸ್ತೂಪ ಹೊರತೆಗೆಯಿತು. ಅಲ್ಲಿನ ಸುಣ್ಣಕಲ್ಲಿನ ಫಲಕಗಳಲ್ಲಿ ಬುದ್ಧನ ಜೀವನ, ಜಾತಕ ಕಥೆಗಳಿವೆ. ಒಂದರಲ್ಲಿ ರಾಣಿಯೊಂದಿಗೆ ನಿಂತ ರಾಜ, ಜೊತೆಗೆ ‘ರಾಯೋ ಅಸೋಕೋ’ ಎಂಬ ಬರಹ. ಅಂದರೆ ರಾಜ ಅಶೋಕ.

ಗೊತ್ತಿರಲಿ: ಹೊಲದಲ್ಲಿ, ಮನೆ ಪಾಯದಲ್ಲಿ ಅಕ್ಷರ ಇಲ್ಲವೇ ಕೆತ್ತನೆಯ ಕಲ್ಲು ಸಿಕ್ಕರೆ ಕಟ್ಟೆಗೆ ಹಾಕಬೇಡಿ, ಬಣ್ಣ ಬಳಿಯಬೇಡಿ. ತಹಶೀಲ್ದಾರ್ ಕಚೇರಿಗೆ ತಿಳಿಸಿ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಮನೆ, ಅಂಗಡಿ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕೇ ಬೇಕು.